ಎಬಿಎಸ್ ಲೈಟ್ ಹತ್ತಿದೆಯಾ? ಮೊದಲು ಬ್ಯಾಟರಿಗೆ ಮೀಟರ್ ಹಿಡಿಯಿರಿ

ಹಗಲು ಹೊತ್ತು ಹತ್ತುತ್ತಿದ್ದ ಲೈಟ್ ರಾತ್ರಿ ಹತ್ತುತ್ತಿರಲಿಲ್ಲ. ನನ್ನ ಕಾರಿನ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ತೊಂದರೆಯ ಇಡೀ ಗುಟ್ಟು ಈ ಒಂದು ಮಾತಿನಲ್ಲೇ ಇತ್ತು. ಅದು ನನಗೆ ಹೊಳೆಯೋಕೆ ಮೂರು ವಾರ ಬೇಕಾಯಿತು.

ಬೆಂಗಳೂರಿನಿಂದ ಹಾಸನಕ್ಕೆ ಹೊರಟರೆ ನೆಲಮಂಗಲದವರೆಗೆ ಏನೂ ಇಲ್ಲ. ಟ್ರಾಫಿಕ್ ಕಳೆದು, ಗಾಡಿ ಎಂಬತ್ತು ತೊಂಬತ್ತರ ವೇಗಕ್ಕೆ ಬಂದು, ಸ್ವಲ್ಪ ಹೊತ್ತು ಒಂದೇ ಸಮನೆ ಓಡಿದರೆ ಕುಣಿಗಲ್ ಬರುವಷ್ಟರಲ್ಲಿ ಹಳದಿ ಎಬಿಎಸ್ ಲೈಟ್ ಹತ್ತಿಕೊಳ್ಳುತ್ತಿತ್ತು. ಎಲ್ಲಾದರೂ ಕಾಫಿಗೆ ನಿಲ್ಲಿಸಿ ಮತ್ತೆ ಸೆಲ್ಫ್ ಹೊಡೆದರೆ ಲೈಟ್ ಮಾಯ. ವಾಪಸ್ ರಾತ್ರಿ ಬರುವಾಗ ಇಡೀ ದಾರಿ ಶಾಂತ. ಗ್ಯಾರೇಜಿನಲ್ಲಿ ತೋರಿಸಿದೆ. ಮೊದಲು ಚಕ್ರದ ವೇಗ ಅಳೆಯುವ ವೀಲ್ ಸ್ಪೀಡ್ ಸೆನ್ಸರ್ ಅಂದರು, ತೆಗೆದು ಒರೆಸಿ ಹಾಕಿದರು. ಆಮೇಲೆ ಎಬಿಎಸ್ ಯೂನಿಟ್ಟೇ ಹೋಗಿದೆ, ಪೂರ್ತಿ ಬದಲಿಸಬೇಕು ಅಂದರು. ಹತ್ತಾರು ಸಾವಿರದ ಮಾತು. ಕೊನೆಗೆ ಕೆಟ್ಟಿದ್ದು ಏನು ಗೊತ್ತಾ? ಆಲ್ಟರ್ನೇಟರ್ ಒಳಗಿನ ರೆಗ್ಯುಲೇಟರ್. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು ಆಲ್ಟರ್ನೇಟರ್, ಅದರ ವೋಲ್ಟೇಜನ್ನು ಹದ್ದಿನಲ್ಲಿಡುವುದು ರೆಗ್ಯುಲೇಟರ್. ನಮ್ಮ ಆಟೋ ಎಲೆಕ್ಟ್ರಿಷಿಯನ್‌ಗಳು ಇಂದಿಗೂ ಆಲ್ಟರ್ನೇಟರ್‌ಗೆ ಡೈನಮೋ ಅಂತಲೂ, ಈ ರೆಗ್ಯುಲೇಟರ್‌ಗೆ ಕಟೌಟ್ ಅಂತಲೂ ಕರೆಯುತ್ತಾರಲ್ಲ, ಅದೇ. ಎಬಿಎಸ್ ಯೂನಿಟ್‌ಗೆ ಏನೂ ಆಗಿರಲಿಲ್ಲ. ಅದು ಬರುತ್ತಿದ್ದ ಜಾಸ್ತಿ ವೋಲ್ಟೇಜ್ ನೋಡಿ ತನ್ನನ್ನು ತಾನು ಉಳಿಸಿಕೊಳ್ಳುತ್ತಿತ್ತು, ಅಷ್ಟೇ.

ಇನ್ನೊಬ್ಬರು ಇದೇ ಕಾರಣಕ್ಕೆ ಸುಮ್ನೆ ಎಬಿಎಸ್ ಯೂನಿಟ್ ಬದಲಿಸಿ ದುಡ್ಡು ಕಳೆದುಕೊಳ್ಳಬಾರದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಬೇಕಾಗಿರುವುದು ಒಂದು ಮಲ್ಟಿಮೀಟರ್, ಆಕ್ಸಿಲರೇಟರ್ ತುಳಿಯೋಕೆ ಒಬ್ಬರು, ಮತ್ತೆ ಅರ್ಧ ಗಂಟೆ.

ಎಬಿಎಸ್‌ಗೂ ವೋಲ್ಟೇಜ್‌ಗೂ ಏನು ಸಂಬಂಧ

ನಮ್ಮ ದೇಶದಲ್ಲಿ ಹೊಸ ಮಾದರಿಯ ಕಾರುಗಳಿಗೆ 2018ರ ಏಪ್ರಿಲ್‌ನಿಂದ, ಎಲ್ಲ ಮಾದರಿಗಳಿಗೂ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಹಾಗಾಗಿ ಈಗ ಚಿಕ್ಕ ಕಾರಿನಲ್ಲೂ ಬಾನೆಟ್ ಕೆಳಗೆ ಆರೇಳು ಬ್ರೇಕ್ ಪೈಪ್ ಸೇರಿಕೊಂಡ ಒಂದು ಅಲ್ಯೂಮಿನಿಯಂ ಗಟ್ಟಿ ಇರುತ್ತದೆ. ಅದಕ್ಕೆ ಅಂಟಿಕೊಂಡಂತೆ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಗಟ್ಟಿಯ ಒಳಗೆ ಪುಟ್ಟ ವಾಲ್ವ್‌ಗಳು ಮತ್ತು ಪಂಪು, ಡಬ್ಬಿಯ ಒಳಗೆ ಅವನ್ನು ಆಡಿಸುವ ಕಂಪ್ಯೂಟರ್.

ಈ ವಾಲ್ವ್‌ಗಳ ಕಾಯಿಲ್‌ಗಳು, ಅವಕ್ಕೆ ಕರೆಂಟ್ ಕೊಡುವ ಡ್ರೈವರ್ ಸರ್ಕ್ಯೂಟ್‌ಗಳು ಎಲ್ಲವೂ 12 ವೋಲ್ಟ್ ಗಾಡಿಗೆ ಅಂತ ಮಾಡಿದ್ದು. 14, 14.5 ಬಂದರೆ ಏನೂ ಆಗಲ್ಲ. ಅದಕ್ಕಿಂತ ತುಂಬಾ ಮೇಲೆ ಹೋದರೆ ಕಾಯಿಲ್ ಬಿಸಿಯಾಗುತ್ತದೆ, ಡ್ರೈವರ್ ಸರ್ಕ್ಯೂಟ್ ಸುಡಬಹುದು. ಅದಕ್ಕೇ ಕಂಪ್ಯೂಟರ್ ತನಗೆ ಬರುವ ವೋಲ್ಟೇಜನ್ನು ಸದಾ ಅಳೆಯುತ್ತಾ ಇರುತ್ತದೆ. ಮಿತಿ ದಾಟಿತು ಅಂದರೆ ವಾಲ್ವ್ ರಿಲೇ (ವಾಲ್ವ್‌ಗಳಿಗೆ ಕರೆಂಟ್ ಕೊಡುವ ಸ್ವಿಚ್ಚು) ಆಫ್ ಮಾಡಿ, ಲೈಟ್ ಹಚ್ಚಿ, ತೊಂದರೆ ಏನು ಅಂತ ಒಂದು ಕೋಡ್ ಬರೆದಿಟ್ಟು ಸುಮ್ಮನಾಗುತ್ತದೆ. ಮಿತಿ ಕಂಪನಿಯಿಂದ ಕಂಪನಿಗೆ ಬೇರೆ, ಸಾಮಾನ್ಯವಾಗಿ 16 ರಿಂದ 18 ವೋಲ್ಟ್ ಆಸುಪಾಸು.

ಆಗ ಬ್ರೇಕ್ ಹೋಗಲ್ಲ. ಪೆಡಲ್ ತುಳಿದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ. ಆದರೆ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಗಾಡಿ ಜಾರಬಹುದು. ಹಳದಿ ಎಬಿಎಸ್ ಜೊತೆಗೆ ಕೆಂಪು ಬ್ರೇಕ್ ಲೈಟ್ ಕೂಡ ಹತ್ತಿದರೆ ವಿಷಯ ಇನ್ನೂ ಗಂಭೀರ. ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ಇಬಿಡಿಯೂ ನಿಂತಿರಬಹುದು. ಆಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ತಿರುಗಿಬಿಡುವ ಅಪಾಯ ಉಂಟು. ಮೊದಲು ಬ್ರೇಕ್ ಆಯಿಲ್ ಮಟ್ಟ ನೋಡಿ, ಅದು ಸರಿ ಇದ್ದರೂ ತುಂಬಾ ನಿಧಾನವಾಗಿ ಓಡಿಸಿ.

ಇವು ಕಂಡರೆ ವೋಲ್ಟೇಜ್ ಮೇಲೆ ಅನುಮಾನ ಪಡಿ

ಎಬಿಎಸ್ ಲೈಟ್ ಹತ್ತೋಕೆ ಸಾಮಾನ್ಯ ಕಾರಣ ವೀಲ್ ಸ್ಪೀಡ್ ಸೆನ್ಸರ್ರೇ, ಅದರಲ್ಲಿ ಎರಡು ಮಾತಿಲ್ಲ. ಹಳ್ಳಿ ರಸ್ತೆಯ ಕೆಸರು, ಇಲಿ ಕಡಿದ ವೈರು, ಬೇರಿಂಗ್ ಸಡಿಲ, ಹೀಗೆ. ಆದರೆ ಎಂಜಿನ್ ವೇಗ ಏರಿದಾಗ ಮಾತ್ರ ಲೈಟ್ ಬರುತ್ತದೆ, ಹೆಡ್‌ಲೈಟ್ ಹಾಕಿದ್ದಾಗ ಬರಲ್ಲ ಅನ್ನುವಂತಿದ್ದರೆ ಕಣ್ಣು ಚಾರ್ಜಿಂಗ್ ಕಡೆ ಹೊರಳಲಿ. ಹೆಡ್‌ಲೈಟ್ ಬಲ್ಬು ಮೇಲಿಂದ ಮೇಲೆ ಸುಡುವುದು, ರೇಸ್ ಕೊಟ್ಟಾಗ ಒಳಗಿನ ಲೈಟ್ ಜಗ್ಗನೆ ಬೆಳಗುವುದು, ಬ್ಯಾಟರಿ ನೀರು ತಿಂಗಳಿಗೊಮ್ಮೆ ಹಾಕಬೇಕಾಗುವುದು, ಟರ್ಮಿನಲ್ ಸುತ್ತ ಬಿಳಿ ಹಸಿರು ಪುಡಿ ಬೇಗ ಬೇಗ ಕಟ್ಟುವುದು, ಇವೆಲ್ಲ ಅದೇ ಕಡೆ ಬೆರಳು ತೋರಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬಂದರಂತೂ ಬ್ಯಾಟರಿ ಕುದಿಯುತ್ತಿದೆ ಅಂತಲೇ ಲೆಕ್ಕ.

ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ಲೈಟ್ ಹತ್ತಿಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ. ಬಹಳ ಗಾಡಿಗಳಲ್ಲಿ ಅದು ಚಾರ್ಜ್ ಆಗದಿದ್ದಾಗ ಹತ್ತುತ್ತದೆ. ಜಾಸ್ತಿ ಆದಾಗ ಹತ್ತಲೇಬೇಕು ಅಂತೇನಿಲ್ಲ. ನನ್ನದರಲ್ಲಿ ಹತ್ತಲಿಲ್ಲ.

ಕೈ ಹಾಕುವ ಮುಂಚೆ

ಜಾಸ್ತಿ ಚಾರ್ಜ್ ಆದ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ನಾಲ್ಕು ಪರ್ಸೆಂಟ್ ಸೇರಿದರೂ ಒಂದು ಕಿಡಿ ಸಾಕು, ಬ್ಯಾಟರಿ ಸಿಡಿಯುತ್ತದೆ, ಆಸಿಡ್ ಮುಖಕ್ಕೆ ಬರುತ್ತದೆ. ಹಾಗಾಗಿ ಬಯಲಲ್ಲಿ ನಿಲ್ಲಿಸಿ, ಬಾನೆಟ್ ತೆಗೆದು ಐದು ನಿಮಿಷ ಬಿಡಿ. ಬೀಡಿ ಸಿಗರೇಟು ಹತ್ತಿರ ಬೇಡ. ಕಣ್ಣಿಗೆ ಕನ್ನಡಕ, ಕೈಯಲ್ಲಿನ ಉಂಗುರ ಬಳೆ ತೆಗೆದಿಡಿ. ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ, ಮುಟ್ಟಲಾರದಷ್ಟು ಬಿಸಿ ಇದ್ದರೆ ಪರೀಕ್ಷೆ ಬೇಡ, ತಣ್ಣಗಾಗಲು ಬಿಡಿ.

ಇನ್ನೊಂದನ್ನು ಕೈಮುಗಿದು ಕೇಳುತ್ತೇನೆ. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿ, ಗಾಡಿ ಆಫ್ ಆಗದಿದ್ದರೆ ಡೈನಮೋ ಸರಿ ಇದೆ ಅನ್ನುವ ಹಳೇ ಪರೀಕ್ಷೆಯನ್ನು ಯಾರಿಗೂ ಮಾಡೋಕೆ ಬಿಡಬೇಡಿ. ಅಂಬಾಸಿಡರ್ ಕಾಲದಲ್ಲಿ ಅದು ನಡೆಯಿತು. ಈಗಿನ ಗಾಡಿಯಲ್ಲಿ ಬ್ಯಾಟರಿ ಕಿತ್ತ ಆ ಕ್ಷಣ ಆಲ್ಟರ್ನೇಟರ್ ವೋಲ್ಟೇಜ್ ಹತ್ತಾರು ವೋಲ್ಟ್ ಮೇಲಕ್ಕೆ ಚಿಮ್ಮುತ್ತದೆ. ಎಬಿಎಸ್ ಇರಲಿ, ಎಂಜಿನ್ ಕಂಪ್ಯೂಟರ್ ಕೂಡ ಹೋಗಬಹುದು. ಸರಿ ಇದ್ದ ಎಬಿಎಸ್ ಯೂನಿಟ್ ಕೂಡ ಇಂಥ ಪರೀಕ್ಷೆಯಿಂದ ನಿಜವಾಗಿ ಕೆಡಬಹುದು.

ಮೊದಲು ಮೀಟರನ್ನೇ ಪರೀಕ್ಷಿಸಿ

ಮಲ್ಟಿಮೀಟರ್‌ನ ಸ್ವಂತ ಬ್ಯಾಟರಿ ಸೊರಗಿದ್ದರೆ ಅದು ಇಲ್ಲದ ವೋಲ್ಟೇಜನ್ನು ಜಾಸ್ತಿ ತೋರಿಸುತ್ತದೆ. ಹೌದು, ಕಡಿಮೆ ಅಲ್ಲ, ಜಾಸ್ತಿ. 14.2 ಇರುವಲ್ಲಿ 16 ಕಂಡು, ಸರಿ ಇರುವ ಆಲ್ಟರ್ನೇಟರ್ ಬಿಚ್ಚಿಸಿದವರು ಇದ್ದಾರೆ. ಅದಕ್ಕೇ ಮೀಟರ್‌ಗೆ ಹೊಸ 9 ವೋಲ್ಟ್ ಬ್ಯಾಟರಿ ಹಾಕಿ. ಆಮೇಲೆ ಪ್ಯಾಕೆಟ್ ಒಡೆದ ಹೊಸ ಪೆನ್ ಟಾರ್ಚ್ ಸೆಲ್ ಒಂದನ್ನು ಅಳೆಯಿರಿ. 1.5 ರಿಂದ 1.6ರ ಹತ್ತಿರ ಬರಬೇಕು. ತೊಂದರೆ ಇಲ್ಲದ ಇನ್ನೊಂದು ಗಾಡಿಯ ಬ್ಯಾಟರಿಗೂ ಒಮ್ಮೆ ಹಿಡಿದು ನೋಡಿದರೆ ಇನ್ನೂ ಒಳ್ಳೆಯದು.

ಕಪ್ಪು ವೈರ್ ಕಾಮನ್ ತೂತಿಗೆ, ಕೆಂಪು ವೈರ್ ವೋಲ್ಟ್ ತೂತಿಗೆ. ಕೆಂಪು ವೈರ್ 10 ಆಂಪಿಯರ್ ತೂತಿನಲ್ಲಿ ಇದ್ದು ಬ್ಯಾಟರಿಗೆ ಮುಟ್ಟಿಸಿದರೆ ನೇರ ಶಾರ್ಟ್. ಎರಡು ಸಲ ನೋಡಿಕೊಳ್ಳಿ. ಗುಂಡಿಯನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ.

ಎಂಜಿನ್ ಆಫ್ ಇದ್ದಾಗ

ಈಗಷ್ಟೇ ಓಡಿಸಿ ತಂದ ಗಾಡಿಯ ಬ್ಯಾಟರಿ 13ರ ಮೇಲೆ ತೋರಿಸುತ್ತದೆ. ಅದು ಮೇಲ್ಮೈ ಚಾರ್ಜ್ ಅಷ್ಟೇ. ಹೆಡ್‌ಲೈಟ್ ಎರಡು ನಿಮಿಷ ಹಚ್ಚಿ, ಆರಿಸಿ, ಐದು ನಿಮಿಷ ಬಿಟ್ಟು ಅಳೆಯಿರಿ. ರಾತ್ರಿಯಿಡೀ ನಿಂತ ಗಾಡಿಯಾದರೆ ಹಾಗೇ ಅಳೆಯಬಹುದು. 12.6 ಅಥವಾ ಸ್ವಲ್ಪ ಮೇಲಿದ್ದರೆ ಪೂರ್ತಿ ಚಾರ್ಜ್. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 10.5ರ ಹತ್ತಿರ ಇದ್ದರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ.

ಮೀಟರ್ ಕಡ್ಡಿಯನ್ನು ಟರ್ಮಿನಲ್ ಕ್ಲ್ಯಾಂಪ್ ಮೇಲೆ ಇಡಬೇಡಿ. ನಡುವಿನ ಸೀಸದ ಗುಂಡು ಕಂಬಕ್ಕೇ ಒತ್ತಿ ಹಿಡಿಯಿರಿ. ಕ್ಲ್ಯಾಂಪಿನ ಸರದಿ ಆಮೇಲೆ.

ಎಂಜಿನ್ ಓಡುವಾಗ

ಇದೇ ಮುಖ್ಯ ಹಂತ, ಇಲ್ಲಿ ಅವಸರ ಮಾಡಬೇಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಲೈಟ್, ಎಸಿ, ಫ್ಯಾನ್, ಮ್ಯೂಸಿಕ್ ಎಲ್ಲ ಆಫ್. ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ತುಳಿಯದೆ ಐಡಲ್‌ನಲ್ಲಿ ಅಳೆಯಿರಿ. ಸಾಮಾನ್ಯ ಗಾಡಿಯಲ್ಲಿ 13.8 ರಿಂದ 14.5ರ ನಡುವೆ ಬರಬೇಕು. ಈಗ ಒಳಗೆ ಕೂತವರಿಗೆ ಹೇಳಿ ನಿಧಾನವಾಗಿ ಎಂಜಿನ್ ವೇಗವನ್ನು 2500 ಆರ್‌ಪಿಎಂವರೆಗೆ ಏರಿಸಿ, ಅಲ್ಲೇ ಅರ್ಧ ನಿಮಿಷ ಹಿಡಿದಿರಲಿ. ಆರೋಗ್ಯವಾಗಿರುವ ರೆಗ್ಯುಲೇಟರ್ ಆದರೆ ಅಂಕಿ ಕದಲುವುದೇ ಇಲ್ಲ, ಕದಲಿದರೂ ಅಷ್ಟಿಷ್ಟು.

ನನ್ನ ಗಾಡಿಯಲ್ಲಿ ಮೊದಲ ಸಲ ಈ ಪರೀಕ್ಷೆ ಮಾಡಿದ್ದು ಬೆಳಗ್ಗೆ, ತಣ್ಣಗಿನ ಎಂಜಿನ್‌ನಲ್ಲಿ. 14.3 ತೋರಿಸಿತು, ರೇಸ್ ಕೊಟ್ಟರೆ 14.6. ಸರಿ ಇದೆ ಅಂದುಕೊಂಡು ಮೀಟರ್ ಮಡಚಿಟ್ಟೆ. ಅದೇ ನನ್ನ ತಪ್ಪು. ಸೆಲ್ಫ್ ಹೊಡೆದ ಮೇಲೆ ಬ್ಯಾಟರಿ ಹಸಿದಿರುತ್ತದೆ, ಬಂದ ಕರೆಂಟನ್ನೆಲ್ಲ ಕುಡಿಯುತ್ತದೆ, ಹಾಗಾಗಿ ವೋಲ್ಟೇಜ್ ಏರಲ್ಲ. ಇಪ್ಪತ್ತು ಇಪ್ಪತ್ತೈದು ನಿಮಿಷ ಓಡಿ ಬ್ಯಾಟರಿ ತುಂಬಿದ ಮೇಲೆ ಕೆಟ್ಟ ರೆಗ್ಯುಲೇಟರ್‌ನ ನಿಜವಾದ ಬಣ್ಣ ಹೊರಗೆ ಬರುತ್ತದೆ. ಎರಡನೇ ಸಲ ಹೈವೇಯಲ್ಲಿ ಓಡಿಸಿ ಬಂದು, ಎಂಜಿನ್ ಆರಿಸದೇ ಬಾನೆಟ್ ತೆಗೆದೆ. ತಮ್ಮ ಒಳಗೆ ಕೂತಿದ್ದ. ಐಡಲ್‌ನಲ್ಲಿ 14.7. "ಸ್ವಲ್ಪ ಏರಿಸು" ಅಂದೆ. 15.1. ಇನ್ನೂ ಸ್ವಲ್ಪ. 15.6. ಅಲ್ಲಿಗೆ ನಿಲ್ಲಬಹುದು ಅಂದುಕೊಂಡೆ, ನಿಲ್ಲಲಿಲ್ಲ. 2500 ಮುಟ್ಟಿದಾಗ ಮೀಟರ್ 16.4 ತೋರಿಸುತ್ತಿತ್ತು. ಬ್ಯಾಟರಿಯ ಮುಚ್ಚಳಗಳ ಸುತ್ತ ಬೆವರಿನಂತೆ ತೇವ, ಕಿವಿ ಹತ್ತಿರ ತಂದರೆ ಒಳಗೆ ಸಣ್ಣಗೆ ಕುದಿಯುವ ಸದ್ದು. ಅಷ್ಟರಲ್ಲೇ ಒಳಗಿನಿಂದ ತಮ್ಮ ಕೂಗಿದ: "ಅಣ್ಣ, ಎಬಿಎಸ್ ಲೈಟ್ ಬಂತು!"

ನೀವು ಕಿವಿ ಹತ್ತಿರ ತರಬೇಡಿ. ನಾನು ಮಾಡಿದ್ದು ಸರಿ ಅಲ್ಲ.

ಅಲ್ಲೇ, ಅದೇ ಆರ್‌ಪಿಎಂನಲ್ಲಿ ಈಗ ಹೆಡ್‌ಲೈಟ್ ಹೈಬೀಮ್ ಹಾಕಿ, ಬ್ಲೋವರ್ ಫುಲ್ ಮಾಡಿ, ಹಿಂದಿನ ಗಾಜಿನ ಹೀಟರ್ ಇದ್ದರೆ ಅದನ್ನೂ ಹಾಕಿ. ಮೀಟರ್ ನೋಡಿ. ನನ್ನದು 16.4ರಿಂದ 14.8ಕ್ಕೆ ಇಳಿಯಿತು. ರಾತ್ರಿ ಲೈಟ್ ಹತ್ತದೇ ಇದ್ದಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಹೆಡ್‌ಲೈಟ್ ಎಳೆದುಕೊಳ್ಳುವ ಕರೆಂಟಿಗೆ ವೋಲ್ಟೇಜ್ ಎಬಿಎಸ್‌ನ ಮಿತಿಗಿಂತ ಕೆಳಗೇ ಉಳಿಯುತ್ತಿತ್ತು. ವೇಗದ ಜೊತೆ ಏರುವುದು, ಲೋಡ್ ಹಾಕಿದರೆ ಇಳಿಯುವುದು, ಈ ಎರಡೂ ಒಟ್ಟಿಗೆ ಕಂಡರೆ ಆಲ್ಟರ್ನೇಟರ್‌ಗೆ ಲಗಾಮು ಇಲ್ಲ ಅಂತ ಅರ್ಥ. ರೆಗ್ಯುಲೇಟರ್ ತನ್ನ ಕೆಲಸ ಬಿಟ್ಟಿದೆ.

ಅಂಕಿ ನೋಡಿ ಬೆಚ್ಚುವ ಮುಂಚೆ

ಚಳಿಯಲ್ಲಿ ರೆಗ್ಯುಲೇಟರ್ ಸ್ವಲ್ಪ ಜಾಸ್ತಿ ಕೊಡುತ್ತದೆ, ಬಿಸಿಲಲ್ಲಿ ಕಡಿಮೆ ಮಾಡುತ್ತದೆ. ಅದನ್ನು ಮಾಡಿರುವುದೇ ಹಾಗೆ. ಡಿಸೆಂಬರ್ ಬೆಳಗ್ಗೆ ಚಿಕ್ಕಮಗಳೂರಿನಲ್ಲಿ 14.7 ಕಂಡರೆ ಹೆದರಬೇಕಿಲ್ಲ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಅರ್ಧ ಗಂಟೆ ಓಡಿದ ಗಾಡಿ ಅದೇ 14.7 ತೋರಿಸಿದರೆ ಮಾತ್ರ ಒಂದು ಕಣ್ಣಿಟ್ಟಿರಿ.

ಹೊಸ ಗಾಡಿಗಳ ಕಥೆ ಬೇರೆ. ಅಲ್ಲಿ ಆಲ್ಟರ್ನೇಟರ್ ಎಷ್ಟು ಕೊಡಬೇಕು ಅಂತ ಎಂಜಿನ್ ಕಂಪ್ಯೂಟರ್ ಹೇಳುತ್ತದೆ. ಆಕ್ಸಿಲರೇಟರ್ ಬಿಟ್ಟು ಗಾಡಿ ಉರುಳುವಾಗ 15ರ ಹತ್ತಿರ ಹೋಗುತ್ತದೆ, ಒತ್ತಿದಾಗ 13ರ ಕೆಳಗೂ ಬರುತ್ತದೆ. ಇಂಥ ಗಾಡಿಯಲ್ಲಿ ನೆಗೆಟಿವ್ ಟರ್ಮಿನಲ್ ಮೇಲೆ ವೈರ್ ಹೊರಟ ಒಂದು ಪುಟ್ಟ ಸೆನ್ಸರ್ ಕೂತಿರುತ್ತದೆ. ಸ್ಮಾರ್ಟ್ ಹೈಬ್ರಿಡ್ ಮಾರುತಿಗಳಲ್ಲೂ ಹೀಗೇ ಏರಿಳಿತ ಇರುತ್ತದೆ. ಅಂಕಿ ಓಡಾಡುತ್ತಿದೆ ಅನ್ನುವ ಒಂದೇ ಕಾರಣಕ್ಕೆ ಅವನ್ನು ಕೆಟ್ಟಿವೆ ಅನ್ನಬೇಡಿ. 15 ದಾಟಿ ಅಲ್ಲೇ ನಿಂತರೆ, ಅಥವಾ 16 ಮುಟ್ಟಿದರೆ, ಯಾವ ಗಾಡಿಯಾದರೂ ತೊಂದರೆಯೇ.

ನಿಂತ ಗಾಡಿಯಲ್ಲಿ ಸಿಗದಿದ್ದರೆ

ಕೆಲವು ಸಲ ಮನೆ ಮುಂದೆ ಎಷ್ಟು ರೇಸ್ ಕೊಟ್ಟರೂ ತಪ್ಪು ಸಿಗಲ್ಲ, ರಸ್ತೆಯಲ್ಲಿ ಮಾತ್ರ ಬರುತ್ತದೆ. ಅದಕ್ಕೆ ಸುಲಭ ಉಪಾಯ ಉಂಟು. ಲೈಟರ್ ಸಾಕೆಟ್‌ಗೆ ಹಾಕುವ, ವೋಲ್ಟ್ ಅಂಕಿ ತೋರಿಸುವ ಮೊಬೈಲ್ ಚಾರ್ಜರ್ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ. ಒಮ್ಮೆ ಮಲ್ಟಿಮೀಟರ್ ಜೊತೆ ಹೋಲಿಸಿ ಎಷ್ಟು ವ್ಯತ್ಯಾಸ ಇದೆ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಪಕ್ಕದಲ್ಲಿ ಕೂತವರು ನೋಡುತ್ತಾ ಬರಲಿ. ಲೈಟ್ ಹತ್ತಿದ ಗಳಿಗೆಯಲ್ಲಿ ವೋಲ್ಟ್ ಎಷ್ಟು, ಆರ್‌ಪಿಎಂ ಎಷ್ಟು, ಹೆಡ್‌ಲೈಟ್ ಇತ್ತಾ ಇಲ್ಲವಾ ಅಂತ ಮೊಬೈಲ್‌ನಲ್ಲಿ ಬರೆದುಕೊಳ್ಳಲಿ. ಓಡಿಸುವವರು ನೋಡುವುದು ಬೇಡ. ಈ ನಾಲ್ಕು ಸಾಲು ಹಿಡಿದು ಹೋದರೆ ಎಲೆಕ್ಟ್ರಿಷಿಯನ್‌ಗೆ ಅರ್ಧ ಕೆಲಸ ಆದಂತೆ.

ಸ್ಕ್ಯಾನರ್ ಹಾಕಿಸುವಾಗ

ಮೊಬೈಲ್‌ಗೆ ಜೋಡಿಸುವ ಅಗ್ಗದ ಬ್ಲೂಟೂತ್ ಓಬಿಡಿ ಡಬ್ಬಿ ಎಂಜಿನ್ ಕೋಡ್ ಓದುತ್ತದೆ, ಆದರೆ ಎಬಿಎಸ್ ಒಳಗೆ ಹೋಗುವುದು ಕಡಿಮೆ. ಎಬಿಎಸ್ ಓದುವ ಸ್ಕ್ಯಾನರ್ ಇರುವ ಕಡೆಗೇ ಹೋಗಿ. ಕೋಡ್ ಅಳಿಸುವ ಮುಂಚೆ ಫೋಟೋ ತೆಗೆದುಕೊಳ್ಳಿ. "ಲೈಟ್ ಆಫ್ ಮಾಡಿಕೊಟ್ಟಿದ್ದೀವಿ ಸರ್" ಅಂದರೆ ಸಾಕ್ಷಿ ಅಳಿಸಿದ್ದೀವಿ ಅಂತಲೇ ಅರ್ಥ.

ಎಂಜಿನ್ ಕಡೆ ಪಿ0563 ಬಂದರೆ ಸಿಸ್ಟಂ ವೋಲ್ಟೇಜ್ ಜಾಸ್ತಿ ಅಂತ, ಇದು ಎಲ್ಲ ಕಂಪನಿಗೂ ಒಂದೇ. ಎಬಿಎಸ್ ಕಡೆ ಕಂಪನಿಗೊಂದು ಕೋಡ್. ಜನರಲ್ ಮೋಟಾರ್ಸ್ ಗಾಡಿಗಳಲ್ಲಿ ಸಿ0900, ಹಳೆಯ ಫೋರ್ಡ್‌ಗಳಲ್ಲಿ ಬಿ1317, ಹೊಸ ಬಗೆಯಲ್ಲಿ ಯು3003 ಜೊತೆಗೆ ಕೊನೆಯಲ್ಲಿ 17. ಆ 17 ಅಂದರೆ ಮಿತಿಗಿಂತ ಮೇಲೆ, ಅದೇ ಜಾಗದಲ್ಲಿ 16 ಇದ್ದರೆ ಮಿತಿಗಿಂತ ಕೆಳಗೆ. ಈ ಎರಡನ್ನು ಅದಲುಬದಲು ಓದಿದರೆ ದಾರಿಯೇ ತಪ್ಪುತ್ತದೆ, ಹುಷಾರು. ಟೊಯೊಟಾದ ಸಿ1241 ಸಾಮಾನ್ಯವಾಗಿ ಕಡಿಮೆ ವೋಲ್ಟೇಜ್‌ಗೆ ಬರುವುದು, ಆದರೆ ವಿಪರೀತ ಜಾಸ್ತಿ ಆದಾಗಲೂ ಬರುತ್ತದೆ.

ಕೋಡ್ ಈಗಲೂ ಇದೆಯಾ, ಹಿಂದೆ ಯಾವಾಗಲೋ ಬಂದು ಹೋಗಿದ್ದಾ ಅಂತಲೂ ಕೇಳಿ. ಅದು ಯಾಕೆ ಮುಖ್ಯ ಅಂತ ಕೆಳಗೆ ಹೇಳುತ್ತೇನೆ.

ತಪ್ಪು ಎಲ್ಲಿ ಅಂತ ಹಿಡಿಯುವುದು

ವೋಲ್ಟೇಜ್ ನಿಜವಾಗಿಯೂ ಜಾಸ್ತಿ ಅಂತ ಮೀಟರ್ ಹೇಳಿತು ಅಂದುಕೊಳ್ಳಿ. ಆಲ್ಟರ್ನೇಟರ್ ಬಿಚ್ಚಿಸುವ ಮುಂಚೆ ಎರಡು ಕಡೆ ನೋಡಿ.

ಒಂದು, ಬ್ಯಾಟರಿ ಕ್ಲ್ಯಾಂಪ್. ಎಂಜಿನ್ ಓಡುವಾಗ ಒಂದು ಕಡ್ಡಿ ಸೀಸದ ಕಂಬಕ್ಕೆ, ಇನ್ನೊಂದು ಅದೇ ಕಂಬದ ಕ್ಲ್ಯಾಂಪಿಗೆ. ಸೊನ್ನೆ ಬರಬೇಕು. 0.2, 0.3 ಬಂದರೆ ನಡುವೆ ಕಿಲುಬು ಇದೆ. ಕ್ಲ್ಯಾಂಪನ್ನು ಕೈಯಲ್ಲಿ ತಿರುಗಿಸಿ ನೋಡುವುದಾದರೆ ಎಂಜಿನ್ ಆರಿಸಿದ ಮೇಲೆ ಮಾತ್ರ. ತಿರುಗಿದರೆ ಸಡಿಲ. ಸಡಿಲ ಕ್ಲ್ಯಾಂಪ್ ರಸ್ತೆಯ ಗುಂಡಿಗಳಲ್ಲಿ ಒಂದು ಗಳಿಗೆ ಬಿಟ್ಟುಹೋದರೂ ಸಾಕು, ವೋಲ್ಟೇಜ್ ಚಿಮ್ಮಿ ಎಬಿಎಸ್ ಕೋಡ್ ಬರೆದುಕೊಳ್ಳುತ್ತದೆ. ನಿಂತಾಗ ಅಳೆದರೆ ಎಲ್ಲ ಸರಿ ಕಾಣುತ್ತದೆ. ಗುಂಡಿಯ ರಸ್ತೆಯಲ್ಲಿ ಮಾತ್ರ ಲೈಟ್ ಬರುವ ಗಾಡಿಗಳಲ್ಲಿ ಇದನ್ನು ಮೊದಲು ನೋಡಿ. ಬಿಸಿನೀರು, ತಂತಿ ಬ್ರಶ್ಶು, ಹತ್ತರ ಸ್ಪ್ಯಾನರ್, ಅಷ್ಟರಲ್ಲೇ ಮುಗಿಯಬಹುದು.

ಎರಡು, ಸೆನ್ಸ್ ವೈರ್. ಕೆಲವು ಆಲ್ಟರ್ನೇಟರ್‌ಗಳಲ್ಲಿ ಬ್ಯಾಟರಿಯಲ್ಲಿ ಎಷ್ಟಿದೆ ಅಂತ ನೋಡಿಕೊಳ್ಳಲು ಒಂದು ತೆಳು ವೈರ್ ಬ್ಯಾಟರಿ ಪಾಸಿಟಿವ್‌ಗೆ ಹೋಗಿರುತ್ತದೆ. ಅದರ ದಾರಿಯಲ್ಲಿ ಕಿಲುಬು ಹಿಡಿದರೆ ರೆಗ್ಯುಲೇಟರ್‌ಗೆ ಕಡಿಮೆ ಕಾಣುತ್ತದೆ, ಪಾಪ ಅದು ಇನ್ನೂ ಬೇಕೇನೋ ಅಂತ ಜಾಸ್ತಿ ಕೊಡುತ್ತಾ ಹೋಗುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಕನೆಕ್ಟರ್‌ನ ಆ ವೈರಿಗೂ ಬ್ಯಾಟರಿ ಪಾಸಿಟಿವ್‌ಗೂ ನಡುವೆ ಅಳೆದರೆ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಅರ್ಧ ವೋಲ್ಟ್ ಕಂಡರೂ ತಪ್ಪು ವೈರಿಂಗ್‌ನಲ್ಲಿದೆ, ರೆಗ್ಯುಲೇಟರ್ ನಿರಪರಾಧಿ. ಬೆಲ್ಟ್, ಫ್ಯಾನ್ ಪಕ್ಕದಲ್ಲೇ ತಿರುಗುತ್ತಿರುತ್ತದೆ. ಅಭ್ಯಾಸ ಇಲ್ಲದಿದ್ದರೆ ಇದನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ.

ಬಾಡಿ ಅರ್ಥ್ (ಬ್ಯಾಟರಿ ನೆಗೆಟಿವನ್ನು ಗಾಡಿಯ ಲೋಹಕ್ಕೆ ಸೇರಿಸುವ ವೈರ್) ಕೆಟ್ಟರೆ ವೋಲ್ಟೇಜ್ ಏರುತ್ತದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ರೆಗ್ಯುಲೇಟರ್ ಹೊರಗೆ ಬೇರೆಯಾಗಿ ಕೂತಿರುತ್ತಿದ್ದ ಹಳೇ ಗಾಡಿಗಳಲ್ಲಿ ಅದು ನಿಜ. ರೆಗ್ಯುಲೇಟರ್ ಆಲ್ಟರ್ನೇಟರ್ ಒಳಗೇ ಇರುವ ಈಗಿನ ಗಾಡಿಗಳಲ್ಲಿ ಎಂಜಿನ್ ಅರ್ಥ್ ಕೆಟ್ಟರೆ ಬ್ಯಾಟರಿಗೆ ಚಾರ್ಜ್ ಕಡಿಮೆ ಆಗುತ್ತದೆ, ಜಾಸ್ತಿ ಆಗಲ್ಲ. ಅರ್ಥ್ ವೈರ್ ಬದಲಿಸಿ ದಿನ ಕಳೆಯಬೇಡಿ.

ಎರಡೂ ಸರಿ ಇದ್ದರೆ ಉಳಿಯುವುದು ರೆಗ್ಯುಲೇಟರ್. ಬಹಳಷ್ಟು ಆಲ್ಟರ್ನೇಟರ್‌ಗಳಲ್ಲಿ ಅದು ಹಿಂಬದಿಯಲ್ಲಿ ಕಾರ್ಬನ್ ಬ್ರಶ್ ಜೊತೆ ಒಂದೇ ತುಂಡಾಗಿ ಬರುತ್ತದೆ, ಬಿಡಿಯಾಗಿ ಸಿಗುತ್ತದೆ. ಬೆಂಗಳೂರಿನವರಿಗೆ ಬಿಡಿಭಾಗದ ಅಂಗಡಿಗಳ ಜೆಸಿ ರೋಡ್ ಇದ್ದೇ ಇದೆ. ಹಳೇ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಅದರ ಮೇಲಿನ ನಂಬರ್ ಹೊಂದಬೇಕು. ನೋಡೋಕೆ ಒಂದೇ ತರಹ ಇರುವ ಬೇರೆ ತುಂಡು ಕೂರುತ್ತದೆ, ಆದರೆ ಸರಿಯಾಗಿ ಕೆಲಸ ಮಾಡಲ್ಲ.

ಆಲ್ಟರ್ನೇಟರ್‌ನ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಕೆಟ್ಟಿದೆಯಾ ಅಂತಲೂ ನೋಡಬಹುದು. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿಗೆ ಹಿಡಿದರೆ 0.1ಕ್ಕಿಂತ ಕಡಿಮೆ ಇರಬೇಕು. ಅರ್ಧ ವೋಲ್ಟ್ ಬಂದರೆ ಡಯೋಡ್ ಹೋಗಿದೆ. ಆದರೆ ಎಂಜಿನ್ ಆಫ್ ಇದ್ದಾಗಲೇ ನಿಮ್ಮ ಮೀಟರ್ ಎಸಿಯಲ್ಲಿ 25, 30 ಅಂತ ತೋರಿಸಿದರೆ ಆ ಮೀಟರ್ ಈ ಪರೀಕ್ಷೆಗೆ ಆಗಲ್ಲ. ಅಗ್ಗದ ಮೀಟರ್‌ಗಳು ಡಿಸಿಯನ್ನೇ ಎಸಿ ಅಂದುಕೊಂಡು ಲೆಕ್ಕ ಹಾಕುತ್ತವೆ.

ಇನ್ನು, ಬ್ಯಾಟರಿಯಲ್ಲಿ 14.2 ಇದೆ, ಆದರೂ ಎಬಿಎಸ್ ಜಾಸ್ತಿ ಅನ್ನುತ್ತಿದೆ ಅಂದರೆ? ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗೆ ಎಬಿಎಸ್ ಅಂತ ಬರೆದ ಫ್ಯೂಸ್ ಯಾವುದು ಅಂತ ಹುಡುಕಿ. ಚಪ್ಪಟೆ ಫ್ಯೂಸ್‌ನ ತಲೆಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕಿ ಇರುತ್ತವೆ. ಕೆಂಪು ಕಡ್ಡಿ ಅಲ್ಲಿಗೆ, ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ. ಫ್ಯೂಸ್ ಕೀಳಬೇಡಿ. ಅದೇ ಹೊತ್ತಿಗೆ ಸ್ಕ್ಯಾನರ್ ಲೈವ್ ಡೇಟಾದಲ್ಲಿ ಎಬಿಎಸ್ ಎಷ್ಟು ವೋಲ್ಟ್ ಅಂತ ಹೇಳುತ್ತಿದೆ ನೋಡಿ. ಫ್ಯೂಸ್‌ನಲ್ಲಿ 14.2, ಎಬಿಎಸ್ 17 ಅನ್ನುತ್ತಿದೆ ಅಂದರೆ ಅದರ ಅಳತೆಯೇ ಕೆಟ್ಟಿದೆ. ಯೂನಿಟ್ ಬದಲಿಸುವ ಮಾತು ಬರಬೇಕಾದ್ದು ಇಲ್ಲಿ, ಈ ಹೋಲಿಕೆ ಆದ ಮೇಲೆ.

ಒಂದೇ ಸಲ ಬಿದ್ದ ಪೆಟ್ಟು

ಹಳೇ ಕೋಡ್ ಅಂತ ಬಂದು, ಅಳಿಸಿದ ಮೇಲೆ ಮತ್ತೆ ಬರದಿದ್ದರೆ ನೆನಪು ಮಾಡಿಕೊಳ್ಳಿ. ಬ್ಯಾಟರಿ ಇಳಿದಿದ್ದಾಗ ಲಾರಿಯ ಬ್ಯಾಟರಿಯಿಂದ ಕೇಬಲ್ ಹಾಕಿ ಜಂಪ್ ಕೊಡಿಸಿದ್ದಿರಾ? ದೊಡ್ಡ ಲಾರಿ ಬಸ್ಸುಗಳಲ್ಲಿ 12ರ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಹೆದ್ದಾರಿಯಲ್ಲಿ ಯಾರೋ ಪುಣ್ಯಾತ್ಮರು ನಿಲ್ಲಿಸಿ ಸಹಾಯ ಮಾಡುತ್ತಾರೆ, ಗಾಡಿ ಸ್ಟಾರ್ಟೂ ಆಗುತ್ತದೆ, ಎಬಿಎಸ್ ಲೈಟ್ ಮಾತ್ರ ಉಳಿದುಕೊಳ್ಳುತ್ತದೆ. ಬ್ಯಾಟರಿ ಅಂಗಡಿಯ ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರನ್ನು ಗಾಡಿಯಲ್ಲಿದ್ದಂತೆಯೇ ಹಾಕಿ, ಕೀ ಆನ್ ಮಾಡಿದ್ದರೂ ಹೀಗಾಗಬಹುದು. ಬ್ಯಾಟರಿ ಟರ್ಮಿನಲ್ ಬಿಚ್ಚದೇ ಗಾಡಿಯ ಬಾಡಿ ಮೇಲೆ ವೆಲ್ಡಿಂಗ್ ಮಾಡಿಸಿದ್ದರೂ ಅಷ್ಟೇ. ಅದೃಷ್ಟ ಚೆನ್ನಾಗಿದ್ದರೆ ಕೋಡ್ ಅಳಿಸಿದರೆ ಮುಗಿಯಿತು.

ದಾರಿ ಮಧ್ಯೆ ಗೊತ್ತಾದರೆ

ಶಿರಾಡಿ ಘಾಟಿನ ತಿರುವುಗಳಲ್ಲಿ, ಮಳೆಯಲ್ಲಿ ಲೈಟ್ ಹತ್ತಿ, ವೋಲ್ಟೇಜ್ ಏರಿದೆ ಅಂತ ಗೊತ್ತಾದರೆ ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿಬಿಡಿ. ಎಂಜಿನ್ ವೇಗ ಕಡಿಮೆ ಇಡಿ. ವೋಲ್ಟೇಜ್ ಇಳಿಯುತ್ತದೆ. ಎಬಿಎಸ್ ಇಲ್ಲ ಅಂತಲೇ ತಿಳಿದು ಮುಂದಿನ ಗಾಡಿಗೆ ದುಪ್ಪಟ್ಟು ಅಂತರ ಬಿಡಿ. ಹತ್ತಿರದ ಊರಿನವರೆಗೆ ಹೀಗೆ ಹೋಗಬಹುದು. ಕೊಳೆತ ಮೊಟ್ಟೆ ವಾಸನೆ ಒಳಗೆ ಬಂದರೆ ಮಾತ್ರ ಮುಂದೆ ಹೋಗಬೇಡಿ. ಕಿಟಕಿ ಇಳಿಸಿ, ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ದೂರ ನಿಲ್ಲಿ.

ರಿಪೇರಿ ಆದ ಮೇಲೆ

ಮೊದಲು ಆಲ್ಟರ್ನೇಟರ್, ಆಮೇಲೆ ಬ್ಯಾಟರಿ. ಈ ಕ್ರಮ ತಪ್ಪಿಸಬೇಡಿ. ಬ್ಯಾಟರಿ ಹೋಗಿದೆ ಅಂತ ಹೊಸದು ಹಾಕಿಸಿ, ರೆಗ್ಯುಲೇಟರ್ ಹಾಗೇ ಬಿಟ್ಟರೆ ಹೊಸದನ್ನೂ ಕುದಿಸಿ ಹಾಕುತ್ತದೆ. ನೀರು ಹಾಕುವ ಬ್ಯಾಟರಿಯಾದರೆ ಆರೂ ಮುಚ್ಚಳ ತೆಗೆದು ನೋಡಿ. ನನ್ನದರಲ್ಲಿ ನಡುವಿನ ಎರಡು ಸೆಲ್‌ನ ಪ್ಲೇಟು ಒಣಗಿ ಕಾಣುತ್ತಿದ್ದವು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಲ್ಲಿ ನೀರು ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಟ್ರೇ ಮೇಲೆ ಚೆಲ್ಲಿದ ಆಸಿಡ್ಡಿಗೆ ಅಡುಗೆ ಸೋಡಾ ಕಲಸಿದ ನೀರು ಸುರಿದರೆ ನೊರೆ ಬಂದು ತಣ್ಣಗಾಗುತ್ತದೆ. ಆ ನೀರು ಸೆಲ್ ಒಳಗೆ ಹೋಗದಂತೆ ಮುಚ್ಚಳ ಬಿಗಿ ಮಾಡಿರಿ. ಉಬ್ಬಿದ ಬ್ಯಾಟರಿಯನ್ನು ಉಳಿಸಲು ಹೋಗಬೇಡಿ.

ಕೋಡ್ ಅಳಿಸಿ, ಕೀ ಆನ್ ಮಾಡಿದಾಗ ಎಬಿಎಸ್ ಲೈಟ್ ಎರಡು ಮೂರು ಸೆಕೆಂಡ್ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಬಲ್ಬನ್ನೇ ಕಿತ್ತಿದ್ದಾರಾ ಅಂತ ನೋಡಿ, ಸೆಕೆಂಡ್‌ಹ್ಯಾಂಡ್ ಗಾಡಿಯಲ್ಲಿ ಇದು ಆಗುತ್ತದೆ. ಆಮೇಲೆ ಹಿಂದೆ ಲೈಟ್ ಬರುತ್ತಿದ್ದ ಅದೇ ರಸ್ತೆಗೆ, ಅದೇ ಹೊತ್ತಿಗೆ, ಅರ್ಧ ಗಂಟೆಗಿಂತ ಜಾಸ್ತಿ ಓಡಿಸಿ. ನಾನು ಬಿಸಿಲಲ್ಲೇ ಹೆಡ್‌ಲೈಟ್ ಇಲ್ಲದೆ ಕುಣಿಗಲ್ ದಾಟಿ ಯಡಿಯೂರಿನವರೆಗೆ ಹೋದೆ. ಚಾರ್ಜರ್ ಮೇಲಿನ ಅಂಕಿ 14.1 ಬಿಟ್ಟು ಕದಲಲಿಲ್ಲ.

ಕೊನೆಗೆ ಯಾರೂ ಇಲ್ಲದ ಮಣ್ಣಿನ ಬಯಲಿನಲ್ಲಿ ಮೂವತ್ತು ನಲವತ್ತರ ವೇಗದಲ್ಲಿ ಬ್ರೇಕ್ ಪೆಡಲನ್ನು ಒಮ್ಮೆ ಪೂರ್ತಿ ತುಳಿದು ಹಿಡಿಯಿರಿ. ಕಾಲಿನ ಕೆಳಗೆ ಪೆಡಲ್ ಗರಗರ ಅಂತ ನಡುಗಬೇಕು, ಬಾನೆಟ್ ಕೆಳಗಿಂದ ಪಂಪಿನ ಸದ್ದು ಬರಬೇಕು, ಸ್ಟೀರಿಂಗ್ ತಿರುಗಿಸಿದ ಕಡೆಗೆ ಗಾಡಿ ಹೋಗಬೇಕು. ಇಳಿದು ಹಿಂದೆ ಹೋಗಿ ಮಣ್ಣಿನ ಮೇಲೆ ಚಕ್ರದ ಗುರುತು ನೋಡಿ. ಉಜ್ಜಿಕೊಂಡು ಹೋದ ಒಂದೇ ಉದ್ದ ಗೆರೆ ಇರಬಾರದು. ಟೈರಿನ ಅಚ್ಚು ಉದ್ದಕ್ಕೂ ಬಿಟ್ಟು ಬಿಟ್ಟು ಮೂಡಿರಬೇಕು.